ಉಂಡ ಜಿಡ್ಡು ಮೈಗೂಡುವ ಬಗೆ: ಹಂದಿಯ ಕೊಬ್ಬಿನಿಂದ ದಂಪತಿಗಳಿಗೊಂದು ಪಾಠ

ಕುಟುಂಬ ಕಲ್ಯಾಣದ ಪುಸ್ತಿಕೆಯಲ್ಲಿ ಹಂದಿಯ ಮಾತೇಕೆ ಎಂದು ಕೆಲವು ಓದುಗರಿಗೆ ಅನ್ನಿಸಬಹುದು. ಕೊಡಗಿನ ಮನೆಗಳಲ್ಲಿಯೂ ಕರಾವಳಿಯ ಕೆಲವು ಮನೆಗಳಲ್ಲಿಯೂ ಹಂದಿಯ ಮಾಂಸ ಹಬ್ಬದೂಟದ ಭಾಗ. ಇನ್ನೆಷ್ಟೋ ಮನೆಗಳಲ್ಲಿ ಅದನ್ನು ಮುಟ್ಟುವುದೂ ಇಲ್ಲ. ಈ ಪಾಠವು ಇಬ್ಬರಿಗೂ ಸಲ್ಲುತ್ತದೆ. ಹಂದಿಯ ಮಾಂಸವನ್ನು ತಿನ್ನಬೇಕೆ, ಬಿಡಬೇಕೆ ಎಂಬುದು ಇಲ್ಲಿನ ವಿಚಾರವಲ್ಲ. ಬಾಯಿಗೆ ಹೋದ ಜಿಡ್ಡು ದೇಹದೊಳಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಹಂದಿಯ ಮೈ ಬಹು ಸ್ಪಷ್ಟವಾದ ಉತ್ತರ ಕೊಡುತ್ತದೆ. ಆ ಉತ್ತರವು ಗರ್ಭಿಣಿಯ ತಟ್ಟೆಗೂ, ಬಾಣಂತಿಯ ಎದೆಹಾಲಿಗೂ, ಎರಡು ಹೆರಿಗೆಗಳ ನಡುವಣ ಅಂತರಕ್ಕೂ ಸಂಬಂಧಿಸಿದೆ. ಆದುದರಿಂದ ಪತಿಪತ್ನಿಯರು ಒಟ್ಟಿಗೆ ಕುಳಿತು ಇದನ್ನು ಓದುವುದು ಒಳ್ಳೆಯದು. ಇಬ್ಬರಲ್ಲಿ ಒಬ್ಬರಿಗೆ ಓದು ಬಾರದಿದ್ದರೆ ಮತ್ತೊಬ್ಬರು ಓದಿ ಹೇಳಬೇಕು.

ಜಿಡ್ಡಿನಲ್ಲಿರುವ ಬಗೆಗಳು

ಮಾಗಿಯ ಚಳಿಯಲ್ಲಿ ಕೊಬ್ಬರಿ ಎಣ್ಣೆ ಶೀಶೆಯೊಳಗೆ ಬೆಳ್ಳಗೆ ಹೆಪ್ಪುಗಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ಅದೇ ಗೂಡಿನಲ್ಲಿಟ್ಟ ಕುಸುಬೆ ಎಣ್ಣೆ ಎಂದಿನಂತೆ ತಿಳಿಯಾಗಿ ಹರಿಯುತ್ತಿರುತ್ತದೆ. ಎರಡೂ ಎಣ್ಣೆಗಳೇ ಆಗಿದ್ದರೂ ಅವುಗಳ ಗುಣ ಬೇರೆ ಬೇರೆ.

ಎಲ್ಲ ಬಗೆಯ ಎಣ್ಣೆ, ತುಪ್ಪ, ಕೊಬ್ಬುಗಳೂ ಮೇದಾಮ್ಲಗಳೆಂಬ ಘಟಕಗಳಿಂದ ಕೂಡಿವೆ. ಇವುಗಳಲ್ಲಿ ಕೆಲವು ಗಟ್ಟಿಯಾಗಿ ನಿಲ್ಲುವಂಥವು; ಅವನ್ನು ಪರ್ಯಾಪ್ತ ಮೇದಾಮ್ಲಗಳೆನ್ನುವರು. ಪಾಲ್ಮಿಟಿಕ್ ಆಮ್ಲ, ಸ್ಟಿಯರಿಕ್ ಆಮ್ಲ ಈ ಗುಂಪಿನವು. ಸ್ಟಿಯರಿಕ್ ಆಮ್ಲವು ಕರಗಬೇಕಾದರೆ ಸುಮಾರು 69 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮತ್ತೆ ಕೆಲವು ಸುಲಭವಾಗಿ ಹರಿಯುವಂಥವು. ಅವು ಅಪರ್ಯಾಪ್ತ ಮೇದಾಮ್ಲಗಳು. ಕಡಲೆಕಾಯಿ ಎಣ್ಣೆಯಲ್ಲಿ ಹೇರಳವಾಗಿರುವ ಓಲಿಕ್ ಆಮ್ಲವು ಸುಮಾರು 13 ಡಿಗ್ರಿಯಲ್ಲಿಯೇ ಕರಗುತ್ತದೆ. ಕುಸುಬೆ, ಸೂರ್ಯಕಾಂತಿ ಎಣ್ಣೆಗಳಲ್ಲಿ ಹೆಚ್ಚಾಗಿರುವ ಲಿನೋಲಿಕ್ ಆಮ್ಲವು ನೀರು ಮಂಜುಗಡ್ಡೆಯಾಗುವಷ್ಟು ಚಳಿಯಲ್ಲಿಯೂ ಹೆಪ್ಪುಗಟ್ಟದು. ಯಾವ ಜಿಡ್ಡಿನಲ್ಲಿ ಯಾವ ಬಗೆಯ ಆಮ್ಲ ಎಷ್ಟಿದೆ ಎಂಬುದರ ಮೇಲೆ ಆ ಜಿಡ್ಡಿನ ಸ್ವಭಾವ ನಿಂತಿದೆ.

ಕಡಲೆಕಾಯಿ ಹೊಲದ ಹಂದಿಗಳು

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಡಲೆಕಾಯಿ ಬೆಳೆಯುವ ರೈತರು ಹಂದಿಗಳನ್ನು ಹೊಲಕ್ಕೆ ಬಿಟ್ಟು ಮೇಯಿಸುವ ವಾಡಿಕೆಯಿತ್ತು. ನೆಲದಲ್ಲಿ ಉಳಿದ ಕಾಯಿಗಳನ್ನು ಹಂದಿಗಳು ಮೂತಿಯಿಂದ ಕೆದಕಿ ತಿಂದು ಬೇಗ ಕೊಬ್ಬುತ್ತಿದ್ದವು. ಖರ್ಚಿಲ್ಲದೆ ಹಂದಿ ಬೆಳೆಯಿತೆಂದು ರೈತನು ಸಂತೋಷಪಟ್ಟರೆ, ಮಾಂಸದ ವ್ಯಾಪಾರಿಯು ಬೆಲೆ ಇಳಿಸುತ್ತಿದ್ದನು. ಕಾರಣವೇನೆಂದರೆ, ಅಂಥ ಹಂದಿಯ ಕೊಬ್ಬು ತಣ್ಣನೆಯ ಕೋಣೆಯಲ್ಲಿಟ್ಟರೂ ಗಟ್ಟಿಯಾಗದೆ ಎಣ್ಣೆಯಂತೆ ಜಿನುಗುತ್ತಿತ್ತು. ಮಾಂಸದ ತುಂಡು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಬೇಗ ಕಮಟು ವಾಸನೆ ಬರುತ್ತಿತ್ತು.

ಈ ತೊಂದರೆಯ ಕಾರಣವನ್ನು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಹುಡುಕಿದರು. ಎಲ್ಲಿಸ್ ಮತ್ತು ಹ್ಯಾಂಕಿನ್ಸ್ ಎಂಬುವರು 1925ರಲ್ಲಿಯೂ, ಎಲ್ಲಿಸ್ ಮತ್ತು ಇಸ್ಬೆಲ್ ಎಂಬುವರು 1926ರಲ್ಲಿಯೂ ತಮ್ಮ ಪರೀಕ್ಷೆಗಳ ವಿವರವನ್ನು ಪ್ರಕಟಿಸಿದರು. ಜಿಡ್ಡು ಕಡಿಮೆಯಿದ್ದು ಹಿಟ್ಟಿನಂಶ ಹೆಚ್ಚಾಗಿರುವ ಮೇವನ್ನು ತಿಂದ ಹಂದಿಗಳಲ್ಲಿ ಕೊಬ್ಬು ಗಟ್ಟಿಯಾಗಿ ಬೆಳೆಯಿತು. ಕಡಲೆಕಾಯಿ, ಸೋಯಾ ಅವರೆ ಮೊದಲಾದ ಎಣ್ಣೆಕಾಳುಗಳನ್ನು ತಿಂದ ಹಂದಿಗಳಲ್ಲಿ ಕೊಬ್ಬು ಆಯಾ ಎಣ್ಣೆಯ ಗುಣವನ್ನು ಪಡೆದು ಮೆತ್ತಗಾಯಿತು. ಮೇವಿನ ಎಣ್ಣೆಯೇ ಹಂದಿಯ ಮೈಯಲ್ಲಿ ಹೆಚ್ಚು ಬದಲಾಗದೆ ಸೇರಿಕೊಂಡಿತ್ತು.

ಇದೇ ಸಂಗತಿಯನ್ನು ಸ್ಪೇನ್ ದೇಶದ ರೈತರು ಲಾಭಕ್ಕೆ ಬಳಸಿಕೊಂಡಿದ್ದಾರೆ. ಅಲ್ಲಿನ ಓಕ್ ಮರದ ಕಾವಲುಗಳಲ್ಲಿ ಐಬೀರಿಯನ್ ತಳಿಯ ಹಂದಿಗಳು ಶರತ್ಕಾಲದಿಂದ ಚಳಿಗಾಲದವರೆಗೆ ಉದುರಿದ ಓಕ್ ಕಾಯಿಗಳನ್ನು ತಿಂದು ಕೊಬ್ಬುತ್ತವೆ. ಓಕ್ ಕಾಯಿಯ ಜಿಡ್ಡಿನಲ್ಲಿ ಓಲಿಕ್ ಆಮ್ಲವೇ ಪ್ರಧಾನ. ಹೀಗೆ ಬೆಳೆದ ಹಂದಿಯ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಓಲಿಕ್ ಆಮ್ಲವಿರುವುದು. ಅದರ ತೊಡೆಯ ಮಾಂಸವನ್ನು ಉಪ್ಪು ಹಾಕಿ ತಿಂಗಳುಗಟ್ಟಲೆ ಒಣಗಿಸಿ ಅಧಿಕ ಬೆಲೆಗೆ ಮಾರುತ್ತಾರೆ. ಒಂದು ಕಡೆ ದೋಷವೆನಿಸಿದ ಮೆದುತನ ಇನ್ನೊಂದು ಕಡೆ ಗುಣವೆನಿಸಿತು. ಎರಡಕ್ಕೂ ಕಾರಣ ಒಂದೇ: ತಿಂದ ಆಹಾರ.

ದೇಹವು ತಾನೇ ಮಾಡಿಕೊಳ್ಳುವ ಕೊಬ್ಬು, ಮಾಡಿಕೊಳ್ಳಲಾರದ ಕೊಬ್ಬು

ಹಂದಿಯ ಮೈಗೆ ಕೊಬ್ಬು ಎರಡು ದಾರಿಗಳಿಂದ ಬರುತ್ತದೆ. ಮೊದಲನೆಯದು, ಜೋಳ, ರಾಗಿ, ಗೆಣಸು ಮುಂತಾದವುಗಳ ಹಿಟ್ಟಿನಂಶದಿಂದ ದೇಹವೇ ತಯಾರಿಸಿಕೊಳ್ಳುವ ಕೊಬ್ಬು. ಇದರಲ್ಲಿ ಪಾಲ್ಮಿಟಿಕ್, ಸ್ಟಿಯರಿಕ್, ಓಲಿಕ್ ಆಮ್ಲಗಳಿರುತ್ತವೆ. ಆದುದರಿಂದ ಇದು ಸಾಕಷ್ಟು ಗಟ್ಟಿ. ಎರಡನೆಯದು, ಆಹಾರದ ಜಿಡ್ಡಿನಿಂದ ನೇರವಾಗಿ ಬಂದು ಸೇರುವ ಕೊಬ್ಬು.

ಲಿನೋಲಿಕ್ ಆಮ್ಲವು ಈ ಎರಡನೆಯ ದಾರಿಯಿಂದ ಮಾತ್ರ ಬರಬಲ್ಲದು. ಹಂದಿಯಾಗಲಿ ಮನುಷ್ಯನಾಗಲಿ ಅದನ್ನು ತನ್ನ ದೇಹದಲ್ಲಿ ತಯಾರಿಸಿಕೊಳ್ಳಲಾರರು. ಅಗಸೆ ಬೀಜದಲ್ಲಿ ಹೆಚ್ಚಾಗಿರುವ ಆಲ್ಫಾ ಲಿನೋಲೆನಿಕ್ ಆಮ್ಲದ ವಿಷಯವೂ ಹೀಗೆಯೇ. ಹಂದಿಯ ಕೊಬ್ಬಿನಲ್ಲಿ ಲಿನೋಲಿಕ್ ಆಮ್ಲವು ನೂರಕ್ಕೆ 15 ಪಾಲನ್ನು ಮೀರಿದರೆ ಕೊಬ್ಬು ಮೆದುವಾಯಿತೆಂದು ಮಾಂಸದ ಉದ್ಯಮದವರು ಎಣಿಸುವರು. ಆ ಪಾಲನ್ನು ಅಳೆದವನು ಹಂದಿಯು ಏನು ತಿಂದು ಬೆಳೆಯಿತೆಂಬುದನ್ನು ಬಹುಮಟ್ಟಿಗೆ ಊಹಿಸಬಲ್ಲನು.

ಈ ಆಮ್ಲವಿಲ್ಲದೆ ದೇಹ ನಡೆಯದೆಂಬುದನ್ನು ತೋರಿಸಿಕೊಟ್ಟವರು ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ದಂಪತಿಗಳಾದ ಜಾರ್ಜ್ ಬರ್ ಮತ್ತು ಮಿಲ್‌ಡ್ರೆಡ್ ಬರ್. ಅವರು ಇಲಿಗಳಿಗೆ ಜಿಡ್ಡು ಸ್ವಲ್ಪವೂ ಇಲ್ಲದ ಆಹಾರವನ್ನು ಕೊಟ್ಟು ಸಾಕಿದರು. ಇಲಿಗಳ ಚರ್ಮ ಒರಟಾಯಿತು, ಬಾಲದ ಮೇಲೆ ಹೊಟ್ಟೆದ್ದಿತು, ಬೆಳವಣಿಗೆ ನಿಂತಿತು. ಮರಿ ಹಾಕುವ ಶಕ್ತಿಯೂ ಕುಂದಿತು. ಹಂದಿಯ ಕೊಬ್ಬಿನಿಂದ ತೆಗೆದ ಮೇದಾಮ್ಲಗಳನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟಾಗ ಅವು ಚೇತರಿಸಿಕೊಂಡವು. ಈ ವಿಷಯವನ್ನು ದಂಪತಿಗಳು 1929ರಲ್ಲಿ ಪ್ರಕಟಿಸಿದರು. ಗುಣ ಮಾಡಿದುದು ಅದರೊಳಗಿದ್ದ ಲಿನೋಲಿಕ್ ಆಮ್ಲವೆಂಬುದು ಮುಂದಿನ ಪ್ರಯೋಗಗಳಿಂದ ತಿಳಿಯಿತು. ಅಂದಿನಿಂದ ಇಂಥ ಆಮ್ಲಗಳಿಗೆ ಅವಶ್ಯಕ ಮೇದಾಮ್ಲಗಳೆಂದು ಹೆಸರು ಬಂದಿತು. ಜಿಡ್ಡೆಂದರೆ ಬರಿಯ ಬೊಜ್ಜಿನ ಮೂಲವೆಂದು ತಿಳಿಯುವುದು ತಪ್ಪು.

ಹಸುವಿಗೂ ಹಂದಿಗೂ ಇರುವ ವ್ಯತ್ಯಾಸ

ಹಸುವಿಗೂ ಕಡಲೆಕಾಯಿ ಹಿಂಡಿ ಹಾಕುತ್ತೇವಲ್ಲ, ಅದರ ಬೆಣ್ಣೆ ಏಕೆ ಎಣ್ಣೆಯಂತಾಗುವುದಿಲ್ಲ ಎಂದು ಕೇಳಬಹುದು. ಹಸು, ಎಮ್ಮೆ, ಕುರಿ, ಆಡುಗಳು ಮೆಲುಕು ಹಾಕುವ ಪ್ರಾಣಿಗಳು. ಅವುಗಳ ಹೊಟ್ಟೆಯ ಮೊದಲ ದೊಡ್ಡ ಚೀಲದಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳಿವೆ. ಮೇವಿನ ಜಿಡ್ಡು ಅಲ್ಲಿಗೆ ಬಂದೊಡನೆ ಈ ಜೀವಿಗಳು ಅಪರ್ಯಾಪ್ತ ಆಮ್ಲಗಳ ಬಹುಪಾಲನ್ನು ಪರ್ಯಾಪ್ತ ಆಮ್ಲಗಳಾಗಿ ಮಾರ್ಪಡಿಸುತ್ತವೆ. ಆದುದರಿಂದಲೇ ತುಪ್ಪ ಹೆಪ್ಪುಗಟ್ಟುತ್ತದೆ, ಕುರಿಯ ಕೊಬ್ಬು ತಟ್ಟೆಯಲ್ಲಿ ಬೇಗ ಬಿಳಿಚುತ್ತದೆ.

ಹಂದಿಗೆ ಅಂಥ ಚೀಲವಿಲ್ಲ. ಅದರ ಹೊಟ್ಟೆ ಒಂದೇ, ಮನುಷ್ಯನದೂ ಒಂದೇ. ತಿಂದ ಜಿಡ್ಡನ್ನು ಹಾದಿಯಲ್ಲಿ ತಡೆದು ಮಾರ್ಪಡಿಸುವ ಏರ್ಪಾಡು ಇಬ್ಬರಲ್ಲಿಯೂ ಇಲ್ಲ. ಹಂದಿಯ ಪರೀಕ್ಷೆಗಳಿಂದ ನಮ್ಮ ಮನೆಗೆ ಪಾಠ ದೊರೆಯುವುದು ಈ ಹೋಲಿಕೆಯಿಂದಲೇ.

ಒಳಗಿನ ಕೊಬ್ಬು, ಹೊರಗಿನ ಕೊಬ್ಬು

ಆಹಾರವೊಂದೇ ಎಲ್ಲವನ್ನೂ ನಿರ್ಧರಿಸುವುದೆಂದು ಹೇಳಲಾಗದು. ಒಂದೇ ಹಂದಿಯಲ್ಲಿ ಮೂತ್ರಪಿಂಡದ ಸುತ್ತಣ ಕೊಬ್ಬು ಗಟ್ಟಿ. ಚರ್ಮದ ಕೆಳಗಿನದು ಮೆದು. ಹೆನ್ರಿಕ್ಸ್ ಮತ್ತು ಹ್ಯಾನ್ಸನ್ ಎಂಬ ವಿಜ್ಞಾನಿಗಳು ಡೆನ್ಮಾರ್ಕಿನಲ್ಲಿ ನಡೆಸಿ 1901ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಒಂದು ಹಂದಿಯನ್ನು ಬೆಚ್ಚನೆಯ ಕೋಣೆಯಲ್ಲಿಯೂ, ಒಂದನ್ನು ಕೊರೆಯುವ ಚಳಿಯಲ್ಲಿಯೂ, ಮತ್ತೊಂದಕ್ಕೆ ಕುರಿಯ ತುಪ್ಪಟದ ಅಂಗಿ ತೊಡಿಸಿ ಅದೇ ಚಳಿಯಲ್ಲಿಯೂ ಇರಿಸಿದರು. ಬರಿಮೈಯಲ್ಲಿ ಚಳಿ ತಿಂದ ಹಂದಿಯ ಚರ್ಮದಡಿಯ ಕೊಬ್ಬು ಹೆಚ್ಚು ಮೆದುವಾಗಿತ್ತು. ಅಂಗಿ ತೊಟ್ಟ ಹಂದಿಯದು ಗಟ್ಟಿಯಾಗಿತ್ತು. ಚಳಿಯಲ್ಲಿಯೂ ಕೊಬ್ಬು ಹೆಪ್ಪುಗಟ್ಟದಂತೆ ದೇಹವು ಕಾಪಾಡಿಕೊಳ್ಳುವ ವಿಧಾನವಿದು.

ಇನ್ನೊಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಒಮ್ಮೆ ಮೈಗೂಡಿದ ಕೊಬ್ಬು ಬೇಗ ಬದಲಾಗುವುದಿಲ್ಲ. ಕಡಲೆಕಾಯಿ ತಿಂದು ಮೆದುವಾದ ಹಂದಿಗೆ ಆಮೇಲೆ ಮುಸುಕಿನ ಜೋಳ ಹಾಕಿದರೂ ಕೊಬ್ಬು ಗಟ್ಟಿಯಾಗಲು ಬಹಳ ದಿನ ಹಿಡಿಯಿತು. ಮನುಷ್ಯರಲ್ಲಿ ಇದು ಇನ್ನೂ ನಿಧಾನ. ಊಟದ ಎಣ್ಣೆಯನ್ನು ಬದಲಿಸಿದರೆ ದೇಹದ ಕೊಬ್ಬಿನಲ್ಲಿ ಅದರ ಪರಿಣಾಮ ಅರ್ಧದಷ್ಟು ಕಾಣಿಸಿಕೊಳ್ಳಲು ಸುಮಾರು ಎರಡು ವರ್ಷ ಬೇಕೆಂದು 1960ರ ದಶಕದ ದೀರ್ಘಕಾಲದ ಪರೀಕ್ಷೆಗಳಿಂದ ಕಂಡುಬಂದಿದೆ. ಇಂದಿನ ಊಟವು ನಾಳೆಯ ಮೈಯಾಗುವುದಕ್ಕೆ ವರುಷಗಳೇ ಬೇಕು.

ತಾಯಿಯ ಮೈ, ಮಗುವಿನ ಬುತ್ತಿ

ಆಗ ತಾನೇ ಹುಟ್ಟಿದ ಹಂದಿಮರಿಯ ಮೈಯಲ್ಲಿ ಕೊಬ್ಬು ನೂರಕ್ಕೆ ಒಂದೆರಡು ಪಾಲು ಮಾತ್ರ. ಅದು ಬೇಗ ತಾಯಿಯ ಹಾಲನ್ನು ಕುಡಿಯದಿದ್ದರೆ ಚಳಿಗೆ ಸಾಯುತ್ತದೆ. ದಿನತುಂಬಿ ಹುಟ್ಟಿದ ಮನುಷ್ಯನ ಶಿಶುವಿನ ಮೈಯಲ್ಲಾದರೋ ಕೊಬ್ಬು ನೂರಕ್ಕೆ ಹನ್ನೆರಡರಿಂದ ಹದಿನೈದು ಪಾಲಿನಷ್ಟಿರುತ್ತದೆ. ಇದರ ಬಹುಪಾಲು ಗರ್ಭದ ಕೊನೆಯ ಮೂರು ತಿಂಗಳಲ್ಲಿ ಕೂಡುವಂಥದು. ಆ ಅವಧಿಯಲ್ಲಿಯೇ ಶಿಶುವಿನ ಮಿದುಳೂ ವೇಗವಾಗಿ ಬೆಳೆಯುತ್ತದೆ. ಮಿದುಳು ಬೆಳೆಯಲು ಬೇಕಾದ ಅವಶ್ಯಕ ಮೇದಾಮ್ಲಗಳನ್ನು ಶಿಶುವು ತಾಯಿಯ ರಕ್ತದಿಂದ ಪಡೆಯುತ್ತದೆ. ತಾಯಿಯಲ್ಲಿ ಇಲ್ಲದುದು ಶಿಶುವಿಗೆ ಸಿಗದು.

ಹೆರಿಗೆಯ ನಂತರ ಎದೆಹಾಲಿನ ಸರದಿ. ಎದೆಹಾಲಿನಿಂದ ಮಗುವಿಗೆ ದೊರೆಯುವ ಶಕ್ತಿಯಲ್ಲಿ ಸುಮಾರು ಅರ್ಧ ಭಾಗ ಅದರ ಜಿಡ್ಡಿನಿಂದಲೇ ಬರುತ್ತದೆ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ವಿಜ್ಞಾನಿಗಳು 1959ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ತಾಯಿಗೆ ಮುಸುಕಿನ ಜೋಳದ ಎಣ್ಣೆಯನ್ನು ಹೆಚ್ಚಾಗಿ ಕೊಟ್ಟಾಗ ಕೆಲವೇ ದಿನಗಳಲ್ಲಿ ಹಾಲಿನ ಜಿಡ್ಡು ಆ ಎಣ್ಣೆಯನ್ನು ಹೋಲತೊಡಗಿತು. ಆಹಾರ ಸಾಲದೆ ಬಂದಾಗ ಹಾಲಿನ ಜಿಡ್ಡು ತಾಯಿಯ ಮೈಗೊಬ್ಬನ್ನು ಹೋಲಿತು. ದೇಹವು ತಾನು ಕೂಡಿಟ್ಟದ್ದನ್ನು ಕರಗಿಸಿ ಮಗುವಿಗೆ ಉಣಿಸುತ್ತಿತ್ತು. ಸಾಮಾನ್ಯ ದಿನಗಳಲ್ಲಿಯೂ ಹಾಲಿನ ಲಿನೋಲಿಕ್ ಆಮ್ಲದ ಹೆಚ್ಚಿನ ಪಾಲು ತಾಯಿಯು ಹಿಂದೆ ಕೂಡಿಟ್ಟ ಕೊಬ್ಬಿನಿಂದಲೇ ಬರುವುದೆಂದು ಈಗ ತಿಳಿದುಬಂದಿದೆ.

ಇದರಿಂದ ಬಡ ತಾಯಂದಿರು ಎದೆಗುಂದಬಾರದು. ತಾಯಿ ಏನನ್ನು ಉಂಡರೂ ಹಾಲಿನಲ್ಲಿರುವ ಜಿಡ್ಡಿನ ಒಟ್ಟು ಮೊತ್ತ ಅಷ್ಟಾಗಿ ಬದಲಾಗುವುದಿಲ್ಲ. ಜಿಡ್ಡಿನ ಬಗೆ ಮಾತ್ರ ಬದಲಾಗುತ್ತದೆ. ಮಗುವಿಗೆ ಮೊದಲ ಆರು ತಿಂಗಳು ಎದೆಹಾಲಿಗಿಂತ ಶ್ರೇಷ್ಠವಾದ ಆಹಾರವಿಲ್ಲ. ಹಾಲು ಸರಿಯಿಲ್ಲವೆಂದು ಡಬ್ಬಿಯ ಹಾಲಿಗೆ ಕೈಹಾಕುವುದು ಸಲ್ಲದು. ಮಾಡಬೇಕಾದುದು ತಾಯಿಯ ತಟ್ಟೆಯನ್ನು ಸರಿಪಡಿಸುವುದು.

ಕೂಡಿಟ್ಟದ್ದು ಮರಳಿ ತುಂಬಲು ಅವಕಾಶ

ಗರ್ಭದಲ್ಲಿ ಒಂಬತ್ತು ತಿಂಗಳು, ಎದೆಹಾಲಿನಲ್ಲಿ ವರುಷಗಟ್ಟಲೆ, ತಾಯಿಯು ತನ್ನ ಮೈಯ ಕಣಜವನ್ನು ಬರಿದುಮಾಡಿ ಮಗುವನ್ನು ಬೆಳೆಸುತ್ತಾಳೆ. ಆ ಕಣಜ ಮರಳಿ ತುಂಬುವುದು ನಿಧಾನವೆಂಬುದನ್ನು ಮೇಲೆ ನೋಡಿದೆವು. ಹೀಗಿರುವಾಗ, ಹಿರಿಯ ಮಗು ಇನ್ನೂ ಎದೆಯಲ್ಲಿರುವಾಗಲೇ ಮತ್ತೊಂದು ಗರ್ಭ ನಿಂತರೆ ಎರಡನೆಯ ಮಗುವಿಗೆ ಸಿಗುವ ಬುತ್ತಿ ಎಷ್ಟು? ಮಿದುಳಿನ ಬೆಳವಣಿಗೆಗೆ ಬೇಕಾದ ಮೇದಾಮ್ಲವೊಂದರ ಮಟ್ಟವು ಚೊಚ್ಚಲ ಮಕ್ಕಳಿಗಿಂತ ನಂತರದ ಹೆರಿಗೆಗಳ ಮಕ್ಕಳಲ್ಲಿ ಕಡಿಮೆಯೆಂದು ನೆದರ್‌ಲ್ಯಾಂಡ್ಸ್ ದೇಶದ ಸಂಶೋಧಕರು 1997ರಲ್ಲಿ ತಿಳಿಸಿದರು. ರಕ್ತಹೀನತೆಯ ಮಾತನ್ನಂತೂ ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಮೊದಲು ಕನಿಷ್ಠ ಎರಡು ವರ್ಷ ಕಳೆಯಬೇಕೆಂಬ ಸಲಹೆಯ ಹಿಂದೆ ಇಂಥ ಕಾರಣಗಳಿವೆ. ಭೂಮಿಯನ್ನು ಬೀಳು ಬಿಟ್ಟು ಗೊಬ್ಬರ ಕೊಟ್ಟು ಮತ್ತೆ ಬಿತ್ತುವ ರೈತನಿಗೆ ಈ ನೀತಿ ಹೊಸದಲ್ಲ. ಅಂತರವಿಡುವ ಸಾಧನಗಳು ಹಲವು ಇವೆ. ನಿರೋಧ್, ವಂಕಿ, ಮಾತ್ರೆ, ಚುಚ್ಚುಮದ್ದು ಇವುಗಳಲ್ಲಿ ಎದೆಹಾಲೂಡಿಸುವ ತಾಯಿಗೆ ಯಾವುದು ಯಾವಾಗ ತಕ್ಕದ್ದೆಂಬುದನ್ನು ಆರೋಗ್ಯ ಸಹಾಯಕಿಯನ್ನು ಕೇಳಿ ತಿಳಿಯಬೇಕು. ಕೇಳಲು ಪತಿಯೂ ಜೊತೆಗೆ ಹೋಗಬೇಕು.

ಅಡುಗೆಮನೆಯಲ್ಲಿ ಮಾಡತಕ್ಕದ್ದು

ಗರ್ಭಿಣಿಗೂ ಹಾಲೂಡಿಸುವ ತಾಯಿಗೂ ಕಣ್ಣಿಗೆ ಕಾಣುವ ಎಣ್ಣೆ, ತುಪ್ಪಗಳು ದಿನಕ್ಕೆ ಸುಮಾರು 30 ಗ್ರಾಂ ಇರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಲಹೆಯಿದೆ. ಇದು ಸುಮಾರು ಆರು ಟೀ ಚಮಚೆಯಷ್ಟು. ಅನೇಕ ಮನೆಗಳಲ್ಲಿ ಗಂಡಸರಿಗೂ ಮಕ್ಕಳಿಗೂ ಬಡಿಸಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದುದೇ ಗೃಹಿಣಿಯ ಪಾಲು. ಒಗ್ಗರಣೆಯ ಎಣ್ಣೆ ಮೇಲೆಯೇ ತೇಲಿ ಮೊದಲು ಉಂಡವರ ತಟ್ಟೆ ಸೇರಿರುತ್ತದೆ. ಕೆಲವೆಡೆ ಬಾಣಂತಿಗೆ ಪಥ್ಯವೆಂದು ಸಪ್ಪೆ ಊಟವನ್ನೇ ಬಡಿಸುವರು. ಎದೆಹಾಲಿಗೆ ಸೇರಬೇಕಾದ ಜಿಡ್ಡನ್ನು ಹೀಗೆ ತಪ್ಪಿಸುವುದು ಮಗುವಿನ ಬಾಯಿಂದ ಕಿತ್ತುಕೊಂಡಂತೆ. ಪತಿಯು ಪತ್ನಿಯೊಡನೆ ಒಂದೇ ಹೊತ್ತಿಗೆ ಕುಳಿತು ಉಣ್ಣುವುದನ್ನು ರೂಢಿಸಿಕೊಂಡರೆ ಈ ಲೋಪ ತಾನಾಗಿ ನೀಗುವುದು.

ಒಂದೇ ಎಣ್ಣೆಗೆ ಅಂಟಿಕೊಳ್ಳದೆ ಬದಲಿಸಿ ಬಳಸುವುದು ಮೇಲು. ಕುಸುಬೆ, ಸೂರ್ಯಕಾಂತಿ, ಹುಚ್ಚೆಳ್ಳುಗಳಲ್ಲಿ ಲಿನೋಲಿಕ್ ಆಮ್ಲ ಹೇರಳ. ಕಡಲೆಕಾಯಿ ಹಾಗೂ ಎಳ್ಳಿನ ಎಣ್ಣೆಗಳಲ್ಲಿ ಓಲಿಕ್, ಲಿನೋಲಿಕ್ ಎರಡೂ ಇವೆ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ಪರ್ಯಾಪ್ತ ಆಮ್ಲಗಳೇ ಇರುವುದರಿಂದ ಅದನ್ನು ಮಾತ್ರ ನಂಬಿಕೊಳ್ಳಬಾರದು. ತುಪ್ಪ ಮಿತವಾಗಿರಲಿ. ಅಗಸೆಯ ಚಟ್ನಿಪುಡಿ ಉತ್ತರ ಕರ್ನಾಟಕದ ಮನೆಗಳಿಗೆ ಹೊಸದಲ್ಲ. ಇತರರೂ ಅದನ್ನು ಕಲಿಯಬಹುದು. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆಗಳು ಮಿದುಳಿಗೆ ಬೇಕಾದ ಮೇದಾಮ್ಲಗಳ ಉತ್ತಮ ಮೂಲ. ಆರು ತಿಂಗಳು ತುಂಬಿದ ಮಗುವಿನ ಮೆದುವಾದ ಅನ್ನಕ್ಕೋ ರಾಗಿ ಸರಿಗೋ ಒಂದು ಚಮಚೆ ಎಣ್ಣೆ ಇಲ್ಲವೆ ತುಪ್ಪ ಬೆರೆಸಬೇಕು.

ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿಮಾಡಿದ ವನಸ್ಪತಿಯಲ್ಲಿ ಟ್ರಾನ್ಸ್ ಎಂಬ ಹಾನಿಕರ ಮೇದಾಮ್ಲಗಳು ಉಂಟಾಗುತ್ತಿದ್ದವು. ತಾಯಿ ತಿಂದರೆ ಅವೂ ಎದೆಹಾಲಿಗೆ ಇಳಿಯುತ್ತವೆ. ನಮ್ಮ ದೇಶದಲ್ಲಿ 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಇವು ನೂರಕ್ಕೆ 2 ಪಾಲನ್ನು ಮೀರಬಾರದೆಂಬ ನಿಯಮ ಬಂದಿದೆ. ಆದರೂ ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದನ್ನು ಬಿಡಬೇಕು. ಒಳ್ಳೆಯ ಎಣ್ಣೆಯೆಂದು ಅಳತೆ ಮೀರುವುದೂ ಸಲ್ಲದು. ಯಾವ ಜಿಡ್ಡಾದರೂ ಹೆಚ್ಚಾದರೆ ಬೊಜ್ಜು ಬೆಳೆಯುತ್ತದೆ; ಬರಿಯ ಅನ್ನ, ಮುದ್ದೆಗಳು ಅತಿಯಾದರೂ ಬೊಜ್ಜೇ. ಜೋಳ ತಿಂದ ಹಂದಿಯೂ ಕೊಬ್ಬಿತೆಂಬುದನ್ನು ಮರೆಯಬಾರದು.

ಹಂದಿ ಸಾಕುವವರಿಗೆ

ಅಕ್ಕಿಯ ತೌಡಿನಲ್ಲಿಯೂ ಗಾಣದ ಕಡಲೆಕಾಯಿ ಹಿಂಡಿಯಲ್ಲಿಯೂ ಎಣ್ಣೆಯ ಅಂಶವಿರುತ್ತದೆ. ಇವನ್ನೇ ಹೆಚ್ಚಾಗಿ ಹಾಕಿದರೆ ಕೊಬ್ಬು ಮೆದುವಾಗಿ ಮಾಂಸ ಬೇಗ ಕಮಟುವುದು. ಜೋಳ, ರಾಗಿ, ಗೆಣಸುಗಳನ್ನು ಬೆರೆಸಿ ಕೊಡಬೇಕು. ಈ ಬದಲಾವಣೆಯನ್ನು ಮಾರುವ ಮುನ್ನಾದಿನ ಮಾಡಿದರೆ ಫಲವಿಲ್ಲ, ತಿಂಗಳುಗಳ ಮೊದಲೇ ಆರಂಭಿಸಬೇಕು. ಮೀನಿನ ಕಸವನ್ನು ಕೊನೆಯ ವಾರಗಳಲ್ಲಿ ಹಾಕಿದರೆ ಮಾಂಸಕ್ಕೂ ಮೀನಿನ ವಾಸನೆ ಹತ್ತುವುದು. ಹಂದಿಯ ಗೂಡು ಮನೆಯಿಂದ ದೂರವಿರಲಿ. ಬಯಲಿನ ಮಲವನ್ನು ತಿಂದ ಹಂದಿಯಲ್ಲಿ ಲಾಡಿಹುಳುವಿನ ಮರಿಗಳು ಸೇರುವುದರಿಂದ ಹಂದಿಯನ್ನು ಬೀದಿಗೆ ಬಿಡದೆ ಕಟ್ಟಿ ಸಾಕಬೇಕು. ಮನೆಯವರೆಲ್ಲರೂ ಶೌಚಾಲಯವನ್ನೇ ಬಳಸಬೇಕು. ಮಾಂಸವನ್ನು ಚೆನ್ನಾಗಿ ಬೇಯಿಸಬೇಕು.

ನೆನಪಿಡಬೇಕಾದ ಅಂಶಗಳು

1. ಹಂದಿಯಲ್ಲಿಯೂ ಮನುಷ್ಯನಲ್ಲಿಯೂ ತಿಂದ ಜಿಡ್ಡಿನ ಬಗೆಯು ಮೈಯ ಕೊಬ್ಬಿನ ಬಗೆಯಾಗುತ್ತದೆ.

2. ಅವಶ್ಯಕ ಮೇದಾಮ್ಲಗಳನ್ನು ದೇಹವು ತಯಾರಿಸಲಾರದು. ಅವು ಊಟದಿಂದಲೇ ಬರಬೇಕು.

3. ಗರ್ಭದ ಶಿಶುವಿಗೂ ಎದೆಹಾಲಿಗೂ ಇವು ತಾಯಿಯ ಮೈಯಿಂದ ಹೋಗುತ್ತವೆ.

4. ತಾಯಿಯ ಮೈ ಮರಳಿ ತುಂಬಲು ವರುಷಗಳು ಬೇಕು. ಆದುದರಿಂದ ಹೆರಿಗೆಗಳ ನಡುವೆ ಅಂತರವಿರಲಿ.

ಮನೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಎಣ್ಣೆ ಬಳಕೆಯಾಗುತ್ತದೆ? ಅದರಲ್ಲಿ ಗೃಹಿಣಿಯ ತಟ್ಟೆಗೆ ಬರುವ ಪಾಲೆಷ್ಟು?

2. ನಾವು ಬಳಸುವ ಎಣ್ಣೆ ಒಂದೇ ಬಗೆಯದೆ? ಅದರ ಜೊತೆಗೆ ನಮ್ಮ ಹೊಲದ ಯಾವ ಎಣ್ಣೆಕಾಳನ್ನು ಸೇರಿಸಬಹುದು?

3. ಮುಂದಿನ ಮಗು ಬೇಕೆ? ಬೇಕಾದರೆ, ತಾಯಿಯ ಮೈ ಅದಕ್ಕೆ ಸಿದ್ಧವಾಗಿದೆಯೆ?

ಮೂರನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕಾದವಳು ಪತ್ನಿ. ಆ ಉತ್ತರವನ್ನು ಗೌರವಿಸುವುದು ಪತಿಯ ಧರ್ಮ.